ಗ್ಯಾಸ್ ಹಾಕಿಸುವ ಮುಂಚೆ: ಕಾರಿನ ಎಸಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಎಸಿ ಹಾಕಿದರೆ ಬಿಸಿ ಗಾಳಿ ಬರುತ್ತದೆ, ಏನು ಮಾಡಲಿ? ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಿಸಿ ಗಾಳಿ ಬರುವುದಕ್ಕೆ ಹತ್ತಾರು ಕಾರಣ ಇವೆ, ಗ್ಯಾಸ್ ಕಮ್ಮಿಯಾಗಿರುವುದು ಅವುಗಳಲ್ಲಿ ಒಂದು ಅಷ್ಟೆ. ಗಾಡಿ ನಿಂತಾಗ ಬಿಸಿಯಾ, ಓಡುವಾಗಲೂ ಬಿಸಿಯಾ, ಹೊರಟು ಒಂದು ಗಂಟೆ ಆದ ಮೇಲಾ, ಒಂದೇ ಪಕ್ಕಕ್ಕಾ? ಇಷ್ಟನ್ನು ಗಮನಿಸಿ ಮೆಕ್ಯಾನಿಕ್‌ಗೆ ಹೇಳಿದರೆ ಅವರ ಹುಡುಕಾಟ ಅರ್ಧ ಕಮ್ಮಿಯಾಗುತ್ತದೆ. "ಎಸಿ ಕೆಲಸ ಮಾಡ್ತಿಲ್ಲ ನೋಡಿ" ಅಂತ ಕೀ ಕೊಟ್ಟು ಬಂದರೆ, ಮೊದಲು ಗ್ಯಾಸ್ ಹಾಕಿ ನೋಡೋಣ ಅನ್ನುವ ಕಡೆಗೇ ಅದು ಹೋಗುತ್ತದೆ.

ಪ್ರಶ್ನೆ: ಹೋದ ವರ್ಷ ಎಸಿ ಗ್ಯಾಸ್ ಹಾಕಿಸಿದೆ. ಮೂರ್ನಾಲ್ಕು ತಿಂಗಳು ಚೆನ್ನಾಗಿತ್ತು, ಆಮೇಲೆ ಬಿಸಿ ಗಾಳಿ. ಮತ್ತೆ ಹಾಕಿಸಿದೆ, ಈಗ ಮತ್ತೆ ಅದೇ ಕಥೆ. ವರ್ಷ ವರ್ಷ ಗ್ಯಾಸ್ ಹಾಕಿಸಲೇಬೇಕು ಅನ್ನುತ್ತಾರೆ. ನಿಜವಾ?

ಉತ್ತರ: ನಿಜ ಅಲ್ಲ. ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಮುಗಿಯುವ ವಸ್ತು ಅಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಒತ್ತಿದಾಗ ಅದು ಬಿಸಿಯಾಗುತ್ತದೆ, ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್‌ನಲ್ಲಿ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ, ಅಲ್ಲಿಂದ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ಕಿಂಡಿಯಲ್ಲಿ ನುಗ್ಗಿ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ ಬಂದಾಗ ಒತ್ತಡ ಒಮ್ಮೆಲೇ ಇಳಿದು ಆವಿಯಾಗುತ್ತದೆ. ಆವಿಯಾಗುವಾಗ ಸುತ್ತಲಿನ ಬಿಸಿ ಹೀರಿಕೊಳ್ಳುತ್ತದೆ. ನಿಮಗೆ ಬರುವ ತಂಪು ಅದೇ. ಆವಿಯಾದದ್ದು ಮತ್ತೆ ಕಂಪ್ರೆಸರ್‌ಗೆ ಹೋಗುತ್ತದೆ. ಸುತ್ತುವುದು ಅದೇ ಗ್ಯಾಸ್, ಪೈಪುಗಳು ಪೂರ್ತಿ ಮುಚ್ಚಿದವು.

ರಬ್ಬರ್ ಹೋಸ್‌ಗಳಿಂದ, ಕಂಪ್ರೆಸರ್ ಶಾಫ್ಟ್ ಸೀಲ್‌ನಿಂದ ಚೂರು ಚೂರು ಜಿನುಗುವುದು ಇದ್ದೇ ಇದೆ. ಆದರೆ ಅದು ಗೊತ್ತಾಗುವುದಕ್ಕೆ ವರ್ಷಗಟ್ಟಲೆ ಬೇಕು. ಮೂರ್ನಾಲ್ಕು ತಿಂಗಳಲ್ಲಿ ಹೋಯಿತು ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಗ್ಯಾಸ್ ಹಾಕುವುದು ರಿಪೇರಿಯೇ ಅಲ್ಲ. ನಿಮ್ಮ ದುಡ್ಡು ಗಾಳಿಗೆ ಹೋಗುತ್ತದೆ, ಜೊತೆಗೆ ಗ್ಯಾಸೂ ಗಾಳಿಗೇ. ಬಹಳ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಒಂದು ಕಿಲೋ ಹೊರಗೆ ಹೋದರೆ, ನೂರು ವರ್ಷದ ಲೆಕ್ಕದಲ್ಲಿ 1,400 ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿ ಮಾಡುತ್ತದೆ. ಇದನ್ನೂ ಮನಸ್ಸಲ್ಲಿಟ್ಟುಕೊಳ್ಳಿ.

ಲೀಕ್ ಎಲ್ಲಿರಬಹುದು? ಕಂಡೆನ್ಸರ್ ಮೇಲೆ ಮೊದಲ ಅನುಮಾನ. ಅದು ಗಾಡಿಯ ತೀರಾ ಮುಂಭಾಗದಲ್ಲಿದೆ, ರಸ್ತೆಯಿಂದ ಹಾರುವ ಕಲ್ಲೆಲ್ಲ ಅದಕ್ಕೇ ಬಡಿಯುತ್ತದೆ. ಆಮೇಲೆ ಪೈಪ್ ಜಾಯಿಂಟ್‌ಗಳ ಓ-ರಿಂಗ್, ಗ್ಯಾಸ್ ತುಂಬುವ ವಾಲ್ವ್, ಕಂಪ್ರೆಸರ್ ಸೀಲ್. ಕೂಲಿಂಗ್ ಕಾಯಿಲ್ ತೂತಾಗಿದ್ದರೆ ಪತ್ತೆ ಕಷ್ಟ, ಯಾಕೆಂದರೆ ಅದು ಡ್ಯಾಶ್‌ಬೋರ್ಡ್ ಒಳಗೆ ಅಡಗಿ ಕೂತಿದೆ. ನೀವೇ ನೋಡಬಹುದಾದದ್ದು ಒಂದಿದೆ. ಗ್ಯಾಸ್ ಜೊತೆ ಕಂಪ್ರೆಸರ್ ಆಯಿಲ್ ಕೂಡ ಪೈಪಿನಲ್ಲಿ ಸುತ್ತುತ್ತಿರುತ್ತದೆ, ಲೀಕ್ ಆದ ಕಡೆ ಆಯಿಲೂ ಹೊರಗೆ ಬರುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಬಾನೆಟ್ ಎತ್ತಿ ಎಸಿ ಪೈಪುಗಳ ಜಾಯಿಂಟ್‌ಗಳನ್ನು ಟಾರ್ಚ್ ಹಾಕಿ ನೋಡಿ. ಉಳಿದ ಕಡೆ ಒಣ ಧೂಳು ಇದ್ದು ಒಂದು ಜಾಯಿಂಟ್‌ನ ಸುತ್ತ ಮಾತ್ರ ಕಪ್ಪಗೆ, ಜಿಡ್ಡು ಜಿಡ್ಡಾಗಿ ಇದ್ದರೆ ಅದರ ಫೋಟೋ ತೆಗೆದು ಮೆಕ್ಯಾನಿಕ್‌ಗೆ ತೋರಿಸಿ.

ಅವರ ಹತ್ತಿರ ಕೇಳಬೇಕಾದದ್ದು ಇಷ್ಟು. ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತದಾ ಅಂತ ನೋಡುತ್ತೀರಾ? ಯುವಿ ಲೈಟಲ್ಲಿ ಹೊಳೆಯುವ ಬಣ್ಣ (ಡೈ) ಹಾಕಿ ಹುಡುಕುತ್ತೀರಾ, ಅಥವಾ ಲೀಕ್ ಡಿಟೆಕ್ಟರ್ ಇದೆಯಾ? "ವ್ಯಾಕ್ಯೂಮ್ ಹಿಡಿದು ನಿಲ್ಲಿಸಿದೆವು, ಮುಳ್ಳು ಅಲ್ಲಾಡಲಿಲ್ಲ, ಲೀಕ್ ಇಲ್ಲ" ಅನ್ನುವುದು ಸಾಲದು. ವ್ಯಾಕ್ಯೂಮ್ ಅಂದರೆ ಪಂಪ್ ಹಚ್ಚಿ ಪೈಪಿನ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯುವುದು. ವ್ಯಾಕ್ಯೂಮ್‌ನಲ್ಲಿ ಹೊರಗಿನ ಗಾಳಿ ಒಳಕ್ಕೆ ತಳ್ಳುವ ಒತ್ತಡ ಹೆಚ್ಚೆಂದರೆ 15 ಪಿಎಸ್‌ಐ ಹತ್ತಿರ. ಎಸಿ ಓಡುವಾಗ ಹೈ ಪ್ರೆಶರ್ ಕಡೆ 200 ಪಿಎಸ್‌ಐ ದಾಟುವುದು ಮಾಮೂಲಿ, ಅದೂ ಒಳಗಿಂದ ಹೊರಕ್ಕೆ. ವ್ಯಾಕ್ಯೂಮ್‌ನಲ್ಲಿ ಮುಚ್ಚಿಕೊಂಡಿದ್ದ ಸಂದು ಆ ಒತ್ತಡಕ್ಕೆ ಬಾಯಿ ಬಿಡುತ್ತದೆ.

ಇನ್ನೊಂದು ವಿಷಯ. ಗಾಡಿ ಆಫ್ ಇರುವಾಗ ಗೇಜ್ ಹಚ್ಚಿ "ಪ್ರೆಶರ್ ಇದೆ, ಗ್ಯಾಸ್ ಸರಿ ಇದೆ" ಅಂದರೆ ನಂಬಬೇಡಿ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, 30 ಡಿಗ್ರಿ ಬಿಸಿಲಲ್ಲಿ ಆರ್-134ಎ ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಪೂರ್ತಿ ತುಂಬಿದ್ದರೂ ಅಷ್ಟೇ, ಅರ್ಧ ಇದ್ದರೂ ಅಷ್ಟೇ. ಎಷ್ಟಿದೆ ಅಂತ ಖಚಿತವಾಗಿ ತಿಳಿಯಲು ಇರುವ ದಾರಿ ಪೂರ್ತಿ ಹೊರಗೆ ತೆಗೆದು ತೂಗುವುದು. ಎಷ್ಟು ಗ್ರಾಂ ಹಾಕಬೇಕು ಅನ್ನುವುದು ಬಾನೆಟ್ ಕೆಳಗಿನ ಸ್ಟಿಕರ್ ಮೇಲೆ ಇರುತ್ತದೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತ ತಿಳಿಯಬೇಡಿ. ಗ್ಯಾಸ್ ಹೆಚ್ಚಾದರೆ ಕಂಡೆನ್ಸರ್‌ನಲ್ಲಿ ದ್ರವ ತುಂಬಿಕೊಂಡು ಒತ್ತಡ ಏರುತ್ತದೆ, ಕೂಲಿಂಗ್ ಬೀಳುತ್ತದೆ, ಕಂಪ್ರೆಸರ್‌ಗೂ ಭಾರ.

ಪ್ರಶ್ನೆ: ಗಾಡಿ ಓಡುವಾಗ ಎಸಿ ಚೆನ್ನಾಗಿದೆ. ಟ್ರಾಫಿಕ್‌ನಲ್ಲಿ ನಿಂತರೆ ಎರಡು ನಿಮಿಷಕ್ಕೇ ಬಿಸಿ ಗಾಳಿ. ಗ್ಯಾಸ್ ಕಮ್ಮಿಯಾ?

ಉತ್ತರ: ಗ್ಯಾಸ್‌ಗಿಂತ ಮುಂಚೆ ಫ್ಯಾನ್ ನೋಡಿ. ಓಡುವಾಗ ಎದುರು ಗಾಳಿಯೇ ಕಂಡೆನ್ಸರ್ ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನ್‌ದು. ಫ್ಯಾನ್ ತಿರುಗದಿದ್ದರೆ ಬಿಸಿ ಹೊರಗೆ ಹೋಗುವುದಿಲ್ಲ, ಒತ್ತಡ ಏರುತ್ತಾ ಹೋಗುತ್ತದೆ, ಕೊನೆಗೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸುತ್ತದೆ.

ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಓಡಿಸಿ, ಎಸಿ ಫುಲ್ ಇಟ್ಟು ಬಾನೆಟ್ ಎತ್ತಿ. ಒಂದೆರಡು ನಿಮಿಷದಲ್ಲಿ ಫ್ಯಾನ್ ತಿರುಗಬೇಕು. ಕೈ, ಬಟ್ಟೆ, ಕೂದಲು ದೂರ ಇರಲಿ, ಅದು ಹೇಳದೆ ಕೇಳದೆ ಶುರುವಾಗುತ್ತದೆ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್ ಈ ಮೂರರಲ್ಲಿ ಒಂದು. ಎರಡು ಸ್ಪೀಡ್ ಇರುವ ಫ್ಯಾನ್‌ಗಳಲ್ಲಿ ಕಡಿಮೆ ಸ್ಪೀಡಿನ ರೆಸಿಸ್ಟರ್ ಸುಟ್ಟು, ಇಂಜಿನ್ ತುಂಬಾ ಬಿಸಿಯಾದಾಗ ಮಾತ್ರ ಫ್ಯಾನ್ ಜೋರಾಗಿ ತಿರುಗುವುದೂ ಉಂಟು. ಇದು ಮೋಸ ಮಾಡುವ ತೊಂದರೆ. ಫ್ಯಾನ್ ತಿರುಗಿದ್ದನ್ನು ಒಮ್ಮೆ ನೋಡಿದವರು ಅದು ಸರಿ ಇದೆ ಅಂದುಕೊಂಡುಬಿಡುತ್ತಾರೆ.

ಫ್ಯಾನ್ ಸರಿ ಇದ್ದರೆ ಕಂಡೆನ್ಸರ್ ಕೊಳೆ ನೋಡಿ. ಮುಂದಿನಿಂದ ನೋಡಿದರೆ ಸ್ವಚ್ಛವಾಗಿಯೇ ಕಾಣಬಹುದು, ಆದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಎಲೆ, ಹುಳ, ಧೂಳು ಸೇರಿ ಹೊದಿಕೆ ಹಾಕಿದಂತೆ ಕೂತಿರುತ್ತದೆ. ನಾನು ಯಾವಾಗಲೂ ಹೇಳುವ ಪರೀಕ್ಷೆ ಒಂದಿದೆ. ಎಸಿ ಓಡುತ್ತಿರುವಾಗ, ಇಂಜಿನ್ ಹೀಟ್ ಆಗಿಲ್ಲ ಅಂತ ನೋಡಿಕೊಂಡು, ಮುಂದಿನ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನಿಧಾನವಾಗಿ ನೀರು ಬಿಡಿ. ಒಳಗೆ ಕೂತವರಿಗೆ ಗಾಳಿ ತಣ್ಣಗಾಗುತ್ತಾ ಬಂದರೆ, ತೊಂದರೆ ಬಿಸಿ ಹೊರಗೆ ಹೋಗುವ ಕಡೆ ಇದೆ ಅಂತ ಗೊತ್ತಾಯಿತು. ತೊಳೆಯುವಾಗ ಪ್ರೆಶರ್ ಗನ್ ಹತ್ತಿರ ಹಿಡಿಯಬೇಡಿ, ಅಲ್ಯೂಮಿನಿಯಂ ರೆಕ್ಕೆಗಳು ತೀರಾ ತೆಳು, ಮಡಚಿಕೊಂಡರೆ ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ.

ಜೊತೆಗೆ ಇಂಜಿನ್ ಟೆಂಪರೇಚರ್ ಮುಳ್ಳನ್ನೂ ಗಮನಿಸಿ. ಇಂಜಿನ್ ಹೀಟ್ ಆದರೆ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರೇ ಎಸಿ ಕಟ್ ಮಾಡುತ್ತದೆ. ಆಗ ದೂರು ಎಸಿ ಮೇಲೆ ಬರುತ್ತದೆ, ತಪ್ಪು ಕೂಲೆಂಟ್‌ದು. ಮುಳ್ಳು ಮೇಲೇರುತ್ತಿದ್ದರೆ ಎಸಿ ಮರೆತುಬಿಡಿ, ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ತೆಗೆಯಲೇಬೇಡಿ.

ಪ್ರಶ್ನೆ: ಎಸಿ ಬಟನ್ ಒತ್ತಿದರೆ ಲೈಟ್ ಹತ್ತುತ್ತದೆ, ಗಾಳಿಯೂ ಜೋರಾಗಿದೆ, ಆದರೆ ಮೊದಲು ಕೇಳುತ್ತಿದ್ದ "ಟಕ್" ಶಬ್ದ ಈಗಿಲ್ಲ. ಗಾಳಿ ಹೊರಗಿನಷ್ಟೇ ಬಿಸಿ.

ಉತ್ತರ: ಶಬ್ದ ಗಮನಿಸಿದ್ದೀರಿ, ಒಳ್ಳೆಯದಾಯಿತು. ಆ "ಟಕ್" ಕಂಪ್ರೆಸರ್ ಕ್ಲಚ್ ಕೂರುವ ಶಬ್ದ. ಬೆಲ್ಟ್ ಯಾವಾಗಲೂ ಪುಲ್ಲಿಯನ್ನು ತಿರುಗಿಸುತ್ತಿರುತ್ತದೆ, ಕರೆಂಟ್ ಬಂದಾಗ ಮಾತ್ರ ಕ್ಲಚ್ ಒಳಗಿನ ತಂತಿ ಸುರುಳಿ (ಇದನ್ನೂ ಕಾಯಿಲ್ ಅನ್ನುತ್ತಾರೆ, ಕೂಲಿಂಗ್ ಕಾಯಿಲ್ ಬೇರೆ) ಮ್ಯಾಗ್ನೆಟ್ ಆಗಿ ಮುಂದಿನ ಪ್ಲೇಟನ್ನು ಪುಲ್ಲಿಗೆ ಎಳೆದು ಅಂಟಿಸುತ್ತದೆ. ಆಗಲೇ ಕಂಪ್ರೆಸರ್ ಕೆಲಸ ಶುರು ಮಾಡುವುದು. ಪುಲ್ಲಿ ತಿರುಗುತ್ತಿದ್ದು ಮುಂದಿನ ಪ್ಲೇಟ್ ಸುಮ್ನೆ ನಿಂತಿದ್ದರೆ ಕ್ಲಚ್ ಹಿಡಿಯುತ್ತಿಲ್ಲ. ಆದರೆ ಈಚಿನ ಬಹಳ ಗಾಡಿಗಳಲ್ಲಿ ಕ್ಲಚ್ಚೇ ಇಲ್ಲ, ಕಂಪ್ರೆಸರ್ ಸದಾ ತಿರುಗುತ್ತಾ ಒಳಗಿನ ವಾಲ್ವ್ ಮೂಲಕ ಪಂಪಿಂಗ್ ಹೆಚ್ಚು ಕಮ್ಮಿ ಮಾಡಿಕೊಳ್ಳುತ್ತದೆ. ಅಂಥ ಗಾಡಿ ಇರುವವರು "ಟಕ್" ಕೇಳಲಿಲ್ಲ ಅಂತ ಗಾಬರಿಯಾಗಬೇಡಿ.

ನಿಮ್ಮ ಗಾಡಿಯಲ್ಲಿ ಮೊದಲು ಶಬ್ದ ಬರುತ್ತಿತ್ತು, ಹಾಗಾಗಿ ಕ್ಲಚ್ ಇದೆ. ಫ್ಯೂಸ್ ನೋಡಿ. ರಿಲೇಯನ್ನು ಅದೇ ನಂಬರಿನ ಇನ್ನೊಂದು ರಿಲೇ ಜೊತೆ ಅದಲು ಬದಲು ಮಾಡಿ ನೋಡಿ, ಹಾರ್ನ್‌ಗೆ ಇರುವ ರಿಲೇ ಎಷ್ಟೋ ಸಲ ಒಂದೇ ಆಗಿರುತ್ತದೆ. ಇವೆರಡೂ ಸರಿ ಇದ್ದರೆ ಮುಂದಿನ ಅನುಮಾನ ಪ್ರೆಶರ್ ಸ್ವಿಚ್ ಮೇಲೆ. ಗ್ಯಾಸ್ ತೀರಾ ಕಮ್ಮಿಯಾದಾಗ ಈ ಸ್ವಿಚ್ ಬೇಕೆಂದೇ ಕಂಪ್ರೆಸರ್ ನಿಲ್ಲಿಸುತ್ತದೆ, ಯಾಕೆಂದರೆ ಆಯಿಲ್ ಸುತ್ತುವುದು ಗ್ಯಾಸ್ ಜೊತೆಗೆ, ಗ್ಯಾಸ್ ಇಲ್ಲದೆ ಓಡಿಸಿದರೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಅದಕ್ಕೇ ಸ್ವಿಚ್‌ನ ವೈರ್ ಕಿತ್ತು ನೇರ ಜೋಡಿಸಿ ಓಡಿಸುವ ಉಪಾಯ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಬೆಳಿಗ್ಗೆ ಕ್ಲಚ್ ಹಿಡಿದು, ಇಂಜಿನ್ ಬಿಸಿಯಾದ ಮೇಲೆ ಬಿಡುತ್ತಿದ್ದರೆ ಪ್ಲೇಟ್ ಮತ್ತು ಪುಲ್ಲಿ ನಡುವಿನ ಗ್ಯಾಪ್ ಅಳೆಸಿ. ಸಾಮಾನ್ಯವಾಗಿ ಅದು ಅರ್ಧ ಮಿಲಿಮೀಟರ್ ಹತ್ತಿರ ಇರಬೇಕು. ಸವೆದು ಸವೆದು ಗ್ಯಾಪ್ ದೊಡ್ಡದಾಗಿರುತ್ತದೆ, ಅದರ ಮೇಲೆ ಕ್ಲಚ್ ಕಾಯಿಲ್ ಬಿಸಿಯಾದರೆ ರೆಸಿಸ್ಟೆನ್ಸ್ ಏರಿ ಎಳೆತ ಕಮ್ಮಿಯಾಗುತ್ತದೆ, ಪ್ಲೇಟ್ ಅಷ್ಟು ದೂರದಿಂದ ಬರುವುದಿಲ್ಲ. ಎಷ್ಟೋ ಕ್ಲಚ್‌ಗಳಲ್ಲಿ ಒಳಗೊಂದು ತೆಳು ವಾಷರ್ ಇರುತ್ತದೆ, ಅದನ್ನು ತೆಗೆದರೆ ಗ್ಯಾಪ್ ಸರಿಹೋಗುತ್ತದೆ. ಇದನ್ನು ನೋಡದೆ ಇಡೀ ಕಂಪ್ರೆಸರ್ ಬದಲಾಯಿಸಿದ ಗಾಡಿಗಳಿವೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ದೂರದ ಪ್ರಯಾಣದಲ್ಲಿ ಒಂದು ಗಂಟೆ ಚೆನ್ನಾಗಿ ತಂಪು ಬರುತ್ತದೆ. ಆಮೇಲೆ ಗಾಳಿ ಕಮ್ಮಿಯಾಗುತ್ತಾ ಬಂದು ಬಿಸಿಯಾಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಗಾಡಿ ಕೆಳಗೆ ತುಂಬಾ ನೀರು ಸುರಿದು, ಆಮೇಲೆ ಮತ್ತೆ ಸರಿ.

ಉತ್ತರ: ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಗಾಳಿಯಲ್ಲಿರುವ ತೇವ ಕಾಯಿಲ್ ಮೇಲೆ ನೀರಾಗಿ ಕೂತು, ಪೈಪಿನಿಂದ ಕೆಳಗೆ ತೊಟ್ಟಿಕ್ಕುವುದು ಸಹಜ. ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಆ ನೀರು ಹೆಪ್ಪುಗಟ್ಟಿ ರೆಕ್ಕೆಗಳ ನಡುವಿನ ದಾರಿ ಮುಚ್ಚುತ್ತದೆ. ಬ್ಲೋವರ್ ಶಬ್ದ ಅಷ್ಟೇ ಇರುತ್ತದೆ, ಗಾಳಿ ಮಾತ್ರ ಬರುವುದಿಲ್ಲ.

ಹಾಗಾಗದಂತೆ ಕಾಯಿಲ್‌ನಲ್ಲಿ ಒಂದು ಸೆನ್ಸರ್ ಕಾವಲಿಗೆ ಇರುತ್ತದೆ. ಅದು ಕೆಟ್ಟರೆ ಅಥವಾ ಜಾಗದಿಂದ ಕಳಚಿಕೊಂಡರೆ ಕಂಪ್ರೆಸರ್ ನಿಲ್ಲಬೇಕಾದಾಗ ನಿಲ್ಲುವುದಿಲ್ಲ. ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡು ಗಾಳಿ ಕಮ್ಮಿಯಾದರೂ ಐಸ್ ಕಟ್ಟುತ್ತದೆ. ಮೊದಲು ಅದನ್ನೇ ನೋಡಿ, ಬಹಳ ಗಾಡಿಗಳಲ್ಲಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ, ಬಿಚ್ಚಲು ಮೆಕ್ಯಾನಿಕ್ ಬೇಕಿಲ್ಲ. ಗ್ಯಾಸ್ ಸ್ವಲ್ಪ ಕಮ್ಮಿ ಇದ್ದಾಗ ಕೂಡ ಕಾಯಿಲ್‌ನ ಒತ್ತಡ ಇಳಿದು, ಗ್ಯಾಸ್ ಒಳಬರುವ ತುದಿಯಲ್ಲಿ ಐಸ್ ಬರುವುದಿದೆ.

ದಾರಿಯಲ್ಲಿ ಹೀಗಾದರೆ ಎಸಿ ಬಟನ್ ಆಫ್ ಮಾಡಿ, ಬ್ಲೋವರ್ ಮಾತ್ರ ಫುಲ್ ಇಡಿ. ಹತ್ತು ಹದಿನೈದು ನಿಮಿಷದಲ್ಲಿ ಐಸ್ ಕರಗುತ್ತದೆ. ಒಂದು ವ್ಯತ್ಯಾಸ ಗಮನಿಸಿ: ಗಾಳಿಯ ರಭಸ ಹಾಗೇ ಇದ್ದು ಒಮ್ಮೆ ತಂಪು ಒಮ್ಮೆ ಬಿಸಿ ಆಗುತ್ತಿದ್ದರೆ ಇದಲ್ಲ. ಒಳಗೆ ಸೇರಿದ ತೇವ ಎಕ್ಸ್‌ಪ್ಯಾನ್ಷನ್ ವಾಲ್ವ್ ಬಾಯಲ್ಲಿ ಹೆಪ್ಪುಗಟ್ಟುತ್ತಿರಬಹುದು. ಗ್ಯಾಸ್ ತುಂಬುವ ಮುಂಚೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಓಡಿಸಬೇಕು ಅನ್ನುವುದು ಈ ತೇವ ತೆಗೆಯಲಿಕ್ಕೇ. ಐದು ನಿಮಿಷಕ್ಕೆ ಮುಗಿಸಿದರೆ ತೇವ ಒಳಗೇ ಉಳಿಯುತ್ತದೆ.

ಪ್ರಶ್ನೆ: ಡ್ರೈವರ್ ಕಡೆ ಬಿಸಿ, ಪಕ್ಕದ ಸೀಟಿನ ಕಡೆ ತಂಪು. ಇದು ಹೇಗೆ ಸಾಧ್ಯ?

ಉತ್ತರ: ಎರಡೂ ಪಕ್ಕಕ್ಕೆ ಬೇರೆ ಬೇರೆ ಟೆಂಪರೇಚರ್ ಇಡುವ ಗಾಡಿ ಆದರೆ ಮಿಕ್ಸಿಂಗ್ ಡೋರ್ ನೋಡಿ. ಡ್ಯಾಶ್‌ಬೋರ್ಡ್ ಒಳಗೆ ಕೂಲಿಂಗ್ ಕಾಯಿಲ್ ಪಕ್ಕದಲ್ಲೇ ಹೀಟರ್ ಕೋರ್ ಇದೆ, ಅದರಲ್ಲಿ 80-90 ಡಿಗ್ರಿಯ ಇಂಜಿನ್ ಕೂಲೆಂಟ್ ಹರಿಯುತ್ತದೆ. ಯಾವುದರಿಂದ ಎಷ್ಟು ಗಾಳಿ ಅಂತ ತೀರ್ಮಾನಿಸುವುದು ಈ ಡೋರ್. ಅದನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದರೆ ಡೋರ್ ಹೀಟರ್ ಕಡೆಗೆ ತೆರೆದೇ ಉಳಿಯುತ್ತದೆ. ಟೆಂಪರೇಚರ್ ಬದಲಾಯಿಸಿದಾಗ ಡ್ಯಾಶ್‌ಬೋರ್ಡ್ ಹಿಂದಿನಿಂದ "ಟಿಕ್ ಟಿಕ್ ಟಿಕ್" ಬಂದರೆ ಬಹುತೇಕ ಇದೇ.

ಒಂದೇ ನಾಬ್ ಇರುವ ಗಾಡಿಯಲ್ಲೂ ಹೀಗಾಗುತ್ತಿದ್ದರೆ ಗ್ಯಾಸ್ ಕಮ್ಮಿ ಇರಬಹುದು. ಕಾಯಿಲ್‌ನ ಅರ್ಧ ಭಾಗ ಮಾತ್ರ ತಣ್ಣಗಾಗಿ ಆ ಪಕ್ಕಕ್ಕೆ ಮಾತ್ರ ತಂಪು ಬರುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಇಂಜಿನ್ ಕಡೆಯಿಂದ ಡ್ಯಾಶ್‌ಬೋರ್ಡ್ ಒಳಗೆ ಹೋಗುವ ಎರಡು ಎಸಿ ಪೈಪುಗಳಲ್ಲಿ ದಪ್ಪದ್ದನ್ನು ಎಸಿ ಓಡುವಾಗ ಎಚ್ಚರದಿಂದ ಮುಟ್ಟಿ. ಅದು ಒಳ್ಳೆ ತಣ್ಣಗೆ, ಬೆವರಿಟ್ಟ ಹಾಗೆ ಒದ್ದೆಯಾಗಿದ್ದರೆ ಗ್ಯಾಸ್ ಕಡೆ ಸರಿ ಇದೆ, ಡೋರ್ ನೋಡಿಸಿ. ಕಂಪ್ರೆಸರಿನಿಂದ ಕಂಡೆನ್ಸರ್‌ಗೆ ಹೋಗುವ ಪೈಪ್ ಮಾತ್ರ ಮುಟ್ಟಬೇಡಿ, ಕೈ ಸುಡುತ್ತದೆ.

ಪ್ರಶ್ನೆ: ಬಿಸಿಲಲ್ಲಿ ನಿಲ್ಲಿಸಿದ ಗಾಡಿ ತಣ್ಣಗಾಗಲು ತುಂಬಾ ಹೊತ್ತು ಬೇಕು. ಎಸಿ ವೀಕ್ ಆಗಿದೆಯಾ?

ಉತ್ತರ: ಇರಲಾರದು. ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಕಾದಿರುತ್ತವೆ. ಮೊದಲು ಗ್ಲಾಸ್ ಇಳಿಸಿ ಒಂದೆರಡು ನಿಮಿಷ ಓಡಿಸಿ, ಬಿಸಿ ಗಾಳಿ ಹೊರಗೆ ಹೋಗಲಿ. ಆಮೇಲೆ ಗ್ಲಾಸ್ ಏರಿಸಿ ರೀಸರ್ಕ್ಯುಲೇಷನ್ ಬಟನ್ ಒತ್ತಿ. ಹೊರಗಿನ ಗಾಳಿ ಬರುವ ಹಾಗೆ ಇಟ್ಟುಕೊಂಡು ಎಸಿಯನ್ನು ಬೈಯುವವರು ಜಾಸ್ತಿ. ಹದಿನೈದು ನಿಮಿಷ ಓಡಿಸಿದ ಮೇಲೆ ನಡುವಿನ ವೆಂಟ್‌ನಲ್ಲಿ ಥರ್ಮಾಮೀಟರ್ ಇಡಿ. 10 ಡಿಗ್ರಿ ಒಳಗೆ ಬಂದರೆ ನಿಮ್ಮ ಎಸಿ ಚೆನ್ನಾಗಿದೆ.

ಪ್ರಶ್ನೆ: ಗ್ಯಾಸ್ ಕ್ಯಾನ್ ಸಿಗುತ್ತದೆ, ನಾನೇ ಹಾಕಿಕೊಳ್ಳಬಹುದಾ? ಲೀಕ್ ಮುಚ್ಚುವ ಸೀಲಂಟ್ ಸೇರಿರುವುದೂ ಇದೆಯಂತೆ.

ಉತ್ತರ: ಬೇಡ ಅನ್ನುತ್ತೇನೆ. ಕ್ಯಾನ್ ಜೊತೆ ಬರುವ ಗೇಜ್ ಲೋ ಪ್ರೆಶರ್ ಕಡೆಯದನ್ನು ಮಾತ್ರ ತೋರಿಸುತ್ತದೆ, ಅದೊಂದರಿಂದ ಎಷ್ಟು ಗ್ಯಾಸ್ ಇದೆ ಅಂತ ತಿಳಿಯಲಾಗದು. ದ್ರವ ಚರ್ಮಕ್ಕೆ ಸಿಡಿದರೆ ಅಲ್ಲೇ ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಅಪಾಯ. ಆರ್-134ಎ ಕುದಿಯುವುದೇ ಮೈನಸ್ 26 ಡಿಗ್ರಿಯಲ್ಲಿ. ಸೀಲಂಟ್ ವಾಲ್ವ್ ಮತ್ತು ಕಂಡೆನ್ಸರ್‌ನ ಸಣ್ಣ ದಾರಿಗಳಲ್ಲಿ ಗಟ್ಟಿಯಾಗಬಹುದು, ಮುಂದೆ ಗ್ಯಾಸ್ ತೆಗೆಯುವ ಮಷಿನ್‌ನೂ ಕೆಡಿಸಬಹುದು. ಸೀಲಂಟ್ ಹಾಕಿದ ಗಾಡಿಯನ್ನು ಮಷಿನ್‌ಗೆ ಹಚ್ಚಲು ಒಪ್ಪದ ಮೆಕ್ಯಾನಿಕ್‌ಗಳಿದ್ದಾರೆ.

ಗ್ಯಾಸ್ ಜಾತಿಯೂ ಮುಖ್ಯ. ಹಳೆಯ ಆರ್-12 ಓಝೋನ್ ಪದರ ಹಾಳು ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಬಿಟ್ಟರು, 1990ರ ದಶಕದಲ್ಲಿ ಆರ್-134ಎ ಬಂತು, ಈಗ ಬಹಳ ಹೊಸ ಕಾರುಗಳಲ್ಲಿ ಆರ್-1234ವೈಎಫ್ ಇದೆ. ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಅಡುಗೆ ಗ್ಯಾಸ್ ಜಾತಿಯದನ್ನು ತುಂಬಿದರೂ ತಂಪು ಬರುತ್ತದೆ ಅನ್ನುವವರ ಮಾತು ಕೇಳಲೇಬೇಡಿ. ತಂಪೇನೋ ಬರುತ್ತದೆ, ಆದರೆ ಡ್ಯಾಶ್‌ಬೋರ್ಡ್ ಒಳಗೆ ಲೀಕ್ ಆದರೆ ಜನ ಕೂತಿರುವ ಜಾಗಕ್ಕೇ ಬೆಂಕಿ ಹತ್ತುವ ಗ್ಯಾಸ್ ಬರುತ್ತದೆ.

ಪ್ರಶ್ನೆ: ಕಂಪ್ರೆಸರ್ ಜಾಮ್ ಆಗಿ ಹೊಸದು ಹಾಕಿಸಿದೆ. ಕೆಲವೇ ತಿಂಗಳಲ್ಲಿ ಅದೂ ಜಾಮ್. ಕಂಪ್ರೆಸರ್ ಕ್ವಾಲಿಟಿ ಸರಿ ಇಲ್ಲವಾ?

ಉತ್ತರ: ಕಂಪ್ರೆಸರ್ ಬೈಯುವ ಮುಂಚೆ, ಜೊತೆಗೆ ಇನ್ನೇನು ಬದಲಾಯಿಸಿದರು ಅಂತ ಬಿಲ್ ನೋಡಿ. ಹಳೆಯದು ಜಾಮ್ ಆಗುವಾಗ ಲೋಹದ ಪುಡಿ ಪೈಪಿನ ತುಂಬ ಹರಡಿರುತ್ತದೆ. ಈಗಿನ ಕಂಡೆನ್ಸರ್‌ಗಳ ದಾರಿ ಕೂದಲೆಳೆಯಷ್ಟು ಸಣ್ಣ, ತೊಳೆದರೂ ಪುಡಿ ಪೂರ್ತಿ ಹೋಗುವುದಿಲ್ಲ. ಕಂಡೆನ್ಸರ್ ಬದಲಾಯಿಸಲೇಬೇಕು, ಗ್ಯಾಸಿನ ತೇವ ಹೀರುವ ಡ್ರೈಯರ್ ಮತ್ತು ಎಕ್ಸ್‌ಪ್ಯಾನ್ಷನ್ ವಾಲ್ವ್ ಕೂಡ. ಪೈಪ್ ಫ್ಲಶ್ ಮಾಡಿಸಬೇಕು, ಆಯಿಲ್ ಅಳತೆ ಸರಿಯಾಗಿ ಹಾಕಬೇಕು. ಇದೆಲ್ಲ ಬಿಟ್ಟು ಕಂಪ್ರೆಸರ್ ಮಾತ್ರ ಹಾಕಿದ್ದರೆ ಹಳೆಯ ಪುಡಿಯೇ ಹೊಸದನ್ನೂ ತಿಂದಿದೆ.

ಪ್ರಶ್ನೆ: ನನ್ನದು ಎಲೆಕ್ಟ್ರಿಕ್ ಕಾರು. ಇದೇ ಸಲಹೆಗಳು ಇದಕ್ಕೂ ನಡೆಯುತ್ತವಾ?

ಉತ್ತರ: ಫಿಲ್ಟರ್, ಕಂಡೆನ್ಸರ್ ಕೊಳೆ, ಫ್ಯಾನ್, ಇಷ್ಟು ನೋಡಿ, ಅಲ್ಲಿಗೆ ನಿಲ್ಲಿಸಿ. ಕಂಪ್ರೆಸರ್ ಬೆಲ್ಟ್‌ನಿಂದಲ್ಲ, ದೊಡ್ಡ ಬ್ಯಾಟರಿಯ ಹೈ ವೋಲ್ಟೇಜ್‌ನಿಂದ ಓಡುತ್ತದೆ. ಕಿತ್ತಳೆ ಬಣ್ಣದ ವೈರ್ ಕಂಡ ಕಡೆ ಕೈ ಹಾಕಲೇಬೇಡಿ. ಬಹಳ ಎಲೆಕ್ಟ್ರಿಕ್ ಗಾಡಿಗಳಲ್ಲಿ ಇದೇ ಎಸಿ ಬ್ಯಾಟರಿಯನ್ನೂ ತಣಿಸುತ್ತದೆ, ಹಾಗಾಗಿ ಬಿಸಿ ಗಾಳಿ ಬಂದರೆ ಸಹಿಸಿಕೊಂಡು ದಿನ ದೂಡಬೇಡಿ. ಗ್ಯಾಸ್ ಕೆಲಸಕ್ಕೆ ಕೊಡುವಾಗ ಯಾವ ಆಯಿಲ್ ಅಂತ ಕೇಳಿ. ಇವುಗಳಲ್ಲಿ ಸಾಮಾನ್ಯವಾಗಿ ಕರೆಂಟ್ ಹರಿಯಲು ಬಿಡದ ಪಿಒಇ ಆಯಿಲ್ ಇರುತ್ತದೆ. ಮಾಮೂಲಿ ಕಾರಿನ ಪಿಎಜಿ ಆಯಿಲ್ ಸ್ವಲ್ಪ ಬೆರೆತರೂ ಇನ್ಸುಲೇಷನ್ ಹಾಳಾಗಿ ಗಾಡಿ ಎಚ್ಚರಿಕೆ ತೋರಿಸಬಹುದು, ಹಾಗಾಗಿ ಬೇರೆ ಕಾರಿಗೆ ಬಳಸಿದ ಹೋಸನ್ನು ತೊಳೆಯದೆ ನಿಮ್ಮ ಗಾಡಿಗೆ ಹಚ್ಚಲು ಬಿಡಬೇಡಿ.